ಎಪ್ಪತ್ತೆರಡು ಲೀಟರ್ ಹಾಲು: ಐದನೇ ತರಗತಿಯ ಒಂದು ಪ್ರಕರಣ

ಜುಲೈ ತಿಂಗಳ ಒಂದು ಬೆಳಿಗ್ಗೆ. ಬಿಸಿಯೂಟದ ಅಕ್ಕ ಅಡುಗೆಮನೆ ಬಾಗಿಲಿಂದಲೇ ಕೂಗಿದರು: “ಇವತ್ತೆಷ್ಟು ಮಕ್ಳು ಮಿಸ್?” ಹಾಜರಿ ನೋಡಿ 48 ಎಂದೆ. ಐದನೇ ತರಗತಿಯಲ್ಲಿ ಆ ವಾರ ದ್ರವದ ಅಳತೆ ನಡೆಯುತ್ತಿತ್ತು. ಲೆಕ್ಕ ತಾನಾಗೇ ಬಾಗಿಲಿಗೆ ಬಂದಿದೆ, ಬಿಡುವುದೇಕೆ ಎಂದುಕೊಂಡು ಹಲಗೆಯ ಮೇಲೆ ಬರೆದೆ: ಒಬ್ಬರಿಗೆ 150 ಮಿಲಿಲೀಟರ್ ಹಾಲು, 48 ಮಕ್ಕಳು, ಒಟ್ಟು ಎಷ್ಟು ಲೀಟರ್?

150 ನಾನು ಹುಟ್ಟಿಸಿದ ಅಂಕಿಯಲ್ಲ. 2013ರ ಆಗಸ್ಟ್ 1ರಂದು ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾದಾಗಿನಿಂದ ಸರ್ಕಾರಿ ಶಾಲೆಯ ಮಗುವಿನ ಲೋಟಕ್ಕೆ ನಿಗದಿಯಾದ ಹಾಲು ಅಷ್ಟು. ಅದಕ್ಕೆ 18 ಗ್ರಾಂ ಹಾಲಿನ ಪುಡಿ. ಮಕ್ಕಳಿಗೆ ಲೋಟ ಗೊತ್ತು, ಅಂಕಿ ಗೊತ್ತಿಲ್ಲ.

ಮೊದಲು ಲೆಕ್ಕ ಮುಗಿಸಿದವಳು ಪುಟ್ಟಿ. (ಹೆಸರು ಬರೆಯುವುದು ಬೇಡ, ಮನೆಯಲ್ಲಿ ಕರೆಯುವ ಹಾಗೇ ಕರೆಯುತ್ತೇನೆ. ಊರಲ್ಲಿ ಮನೆಗೊಬ್ಬಳು ಪುಟ್ಟಿ ಇರುತ್ತಾಳೆ.) ಗುಣಾಕಾರ ಚೊಕ್ಕವಾಗಿತ್ತು: 48 × 150 = 7200 ಮಿ.ಲೀ. ಅದರ ಕೆಳಗೆ ಎರಡು ಗೆರೆ ಎಳೆದು ಉತ್ತರ: 72 ಲೀಟರ್.

ತಪ್ಪೆಂದು ನಾನು ಹೇಳಲಿಲ್ಲ. “ಹೋಗು, ಅಕ್ಕನಿಗೆ ಹೇಳಿ ಬಾ” ಎಂದೆ. ಅಡುಗೆಮನೆಯಿಂದ ನಗು ಕೇಳಿಸಿತು. “ಎಪ್ಪತ್ತೆಲ್ಡು ಲೀಟ್ರ! ಊರ್ನಾಗಿರೋ ಹಸುನೆಲ್ಲ ಇಲ್ಲಿಗೇ ಹೊಡ್ಕೊಂಡು ಬರ್ಬೇಕು ಕಣವ್ವ.” ಪುಟ್ಟಿ ಕೆಂಪಗಾಗಿ ವಾಪಸ್ ಬಂದಳು. ಹಾಗೆ ಕಳಿಸಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಅವಳು ಎರಡು ದಿನ ಕೈ ಎತ್ತಲಿಲ್ಲ.

ಈ ಹುಡುಗಿ ಯಾರು

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ, ಹಿರಿಯ ಪ್ರಾಥಮಿಕ ಶಾಲೆ. ಪುಟ್ಟಿಯ ಮನೆಯಲ್ಲಿ ಎರಡು ಸೀಮೆ ಹಸು. ಬೆಳಿಗ್ಗೆ ಆರೂವರೆಗೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ಬರುವುದು ಅವಳ ಕೆಲಸ. ಡೈರಿಯವರು ಕೊಡುವ ಚೀಟಿಯನ್ನು ಮಡಚಿ ತಂದು ಗೋಡೆಯ ಮೊಳೆಗೆ ಸಿಕ್ಕಿಸುವವಳೂ ಅವಳೇ. ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ, ಅಂದರೆ ಆಟ-ಚಟುವಟಿಕೆಯ ಪದ್ಧತಿಯಲ್ಲಿ, ಕಲಿತವಳು. ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. ತರಗತಿಯಲ್ಲಿ ಹಾಲಿನ ಜೊತೆ ಇವಳಷ್ಟು ಒಡನಾಟ ಇರುವ ಮಗು ಇನ್ನೊಂದಿಲ್ಲ. ಅವಳೇ 72 ಲೀಟರ್ ಎಂದದ್ದು ನನ್ನನ್ನು ಕಾಡಿತು. ಬೇರೆ ಮಗುವಾಗಿದ್ದರೆ ‘ಅಭ್ಯಾಸ ಸಾಲದು’ ಎಂದು ಷರಾ ಬರೆದು ಮುಂದೆ ಹೋಗುತ್ತಿದ್ದೆನೇನೋ.

ಮೂರನೇ ದಿನ ಮಧ್ಯಾಹ್ನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದೆ. ಮೊದಲು ಮಕ್ಕಳ ಮನಃಶಾಸ್ತ್ರಜ್ಞ ಜೀನ್ ಪಿಯಾಜೆಯ ಹಳೆಯ ಪರೀಕ್ಷೆ. ಅಗಲ ಬಟ್ಟಲಿನ ನೀರನ್ನು ಉದ್ದನೆಯ ಸಣ್ಣ ಲೋಟಕ್ಕೆ ಸುರಿದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳುವುದು. ಪುಟ್ಟಿ ನನ್ನ ಮುಖ ನೋಡಿದಳು. “ಅದೇ ನೀರಲ್ವ ಮಿಸ್?” ದಿನಾ ತಪ್ಪಲೆಯಿಂದ ಕ್ಯಾನಿಗೆ ಹಾಲು ಸುರಿಯುವ ಕೈಗೆ ಈ ಪ್ರಶ್ನೆ ಕೇಳಿದ್ದಕ್ಕೆ ನನಗೇ ಸ್ವಲ್ಪ ನಾಚಿಕೆಯಾಯಿತು.

ಆಮೇಲೆ ಕೇಳಿದೆ: “ಏಳು ಸಾವಿರದ ಇನ್ನೂರನ್ನ ಎಪ್ಪತ್ತೆರಡು ಹೇಗೆ ಮಾಡಿದೆ?”

“ಎಲ್ಡು ಸೊನ್ನೆ ತಗ್ದಾಕದು ಮಿಸ್.”

“ಯಾರು ಹೇಳಿದ್ದು?”

ಸುಮ್ಮನಾದಳು. ಆಮೇಲೆ ಮೆಲ್ಲಗೆ, “ನೀವೇಯ.”

ನಿಜ. ಹಿಂದಿನ ತಿಂಗಳು ಉದ್ದದ ಅಳತೆ ಮಾಡುವಾಗ, ಸೆಂಟಿಮೀಟರಿನಿಂದ ಮೀಟರಿಗೆ ಬರಬೇಕಾದರೆ ಕೊನೆಯ ಎರಡು ಸೊನ್ನೆ ಹೊಡೆದುಹಾಕಿ ಎಂದು ಹೇಳಿಕೊಟ್ಟಿದ್ದು ನಾನೇ. ಪೈಸೆಯಿಂದ ರೂಪಾಯಿಗೂ ಅದೇ ಮಾತು. ಬೇಗ ಬರುತ್ತದೆ, ಎಲ್ಲರೂ ಸರಿ ಮಾಡುತ್ತಾರೆ, ಪರೀಕ್ಷೆಯಲ್ಲಿ ಅಂಕ ಬೀಳುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದೆಂದರೆ ಎರಡು ಸೊನ್ನೆ ಉದುರಿಸುವುದು ಎಂದು ಪುಟ್ಟಿ ನಂಬಿದ್ದಳು. ನಾನು ಕೊಟ್ಟಿದ್ದನ್ನು ಅವಳು ನಿಯತ್ತಿನಿಂದ ಬಳಸಿದ್ದಳು.

ಇನ್ನೊಂದು ಗಂಟು ಡೈರಿಯ ಚೀಟಿಯಲ್ಲಿತ್ತು. ಅವತ್ತಿನ ಚೀಟಿ ತರಿಸಿದೆ. ಅದರಲ್ಲಿ 3.6 ಎಂದಿತ್ತು. ಓದು ಎಂದೆ. “ಮೂರು ಲೀಟ್ರು ಆರು ಎಮ್ಮೆಲ್ಲು.” ಬಿಂದುವಿನ ಎಡಕ್ಕೆ ಲೀಟರ್, ಬಲಕ್ಕೆ ಮಿಲಿಲೀಟರ್. ವರ್ಷದಿಂದ ದಿನಕ್ಕೊಂದು ಚೀಟಿ ಹಿಡಿದುಕೊಂಡು ಬಂದ ಹುಡುಗಿ ಅದನ್ನು ಹೀಗೇ ಓದಿಕೊಂಡಿದ್ದಳು. ಹೀಗಲ್ಲ ಎಂದು ಹೇಳಿದವರಿರಲಿಲ್ಲ, ಹೇಳುವ ಸಂದರ್ಭವೂ ಬಂದಿರಲಿಲ್ಲ.

ಕೊನೆಯದಾಗಿ ಒಂದು ಕಳೆಯುವ ಲೆಕ್ಕ. ಕ್ಯಾನಿನಲ್ಲಿ 5 ಲೀಟರ್ ಇತ್ತು, 4 ಲೀಟರ್ 350 ಮಿ.ಲೀ. ಡೈರಿಗೆ ಹಾಕಿದಿರಿ, ಉಳಿದದ್ದೆಷ್ಟು? ಅವಳು 5ರಿಂದ 4 ಕಳೆದು 1 ಬರೆದಳು, 350ರ ಮೇಲೆ ಏನೂ ಇಲ್ಲವಾದ್ದರಿಂದ ಅದನ್ನು ಹಾಗೇ ಇಳಿಸಿದಳು. ಉಳಿದದ್ದು 1 ಲೀಟರ್ 350. ನಾಲ್ಕು ಲೀಟರಿಗಿಂತ ಹೆಚ್ಚು ಹಾಕಿದ ಮೇಲೆ ಒಂದು ಲೀಟರಿಗಿಂತ ಹೆಚ್ಚು ಉಳಿಯಲು ಹೇಗೆ ಸಾಧ್ಯ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಹಸು, ಕ್ಯಾನು, ಡೈರಿ ಎಲ್ಲ ಒಂದು ಕಡೆ, ನೋಟ್‌ಬುಕ್ಕಿನ ಲೀಟರ್ ಇನ್ನೊಂದು ಕಡೆ. ಎರಡೂ ಒಂದೇ ಊರಿನವು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಬಾಟಲಿ ತರಲು ಹೇಳಿದ ಕಥೆ

‘ಮೂರು ಸೊನ್ನೆ ತೆಗೆಯಿರಿ’ ಎಂದು ಹೇಳಿಬಿಟ್ಟಿದ್ದರೆ ಐದು ನಿಮಿಷದ ಕೆಲಸ. ಮುಂದಿನ ತಿಂಗಳು ಅದೇ ಮಕ್ಕಳು ಸೆಂಟಿಮೀಟರಿಗೂ ಮೂರು ಸೊನ್ನೆ ತೆಗೆಯುತ್ತಿದ್ದರು. ಆ ದಾರಿ ಬೇಡವೆಂದು ಬೇರೆ ಬೇರೆ ಅಳತೆಯ ಪಾತ್ರೆ ಕೂಡಿಸಲು ಹೊರಟೆ. ಮಕ್ಕಳಿಗೆ ಹೇಳಿದೆ: “ನಾಳೆ ಮನೆಯಿಂದ ಖಾಲಿ ನೀರಿನ ಬಾಟ್ಲಿ, ಎಣ್ಣೆ ಬಾಟ್ಲಿ, ಔಷಧಿ ಬಾಟ್ಲಿ ತನ್ನಿ.”

ಹಳ್ಳಿಯ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದವಳು ಈ ವಾಕ್ಯ ಆಡಬಾರದಿತ್ತು. ಒಬ್ಬ ಹುಡುಗ ‘ಎಣ್ಣೆ ಬಾಟ್ಲಿ’ ತಂದ: 180 ಮಿ.ಲೀ., ಲೇಬಲ್ಲು ಅರ್ಧ ಕಿತ್ತಿತ್ತು. ಇನ್ನೊಬ್ಬ ‘ಔಷಧಿ ಬಾಟ್ಲಿ’ ತಂದ, ಗದ್ದೆಗೆ ಹೊಡೆಯುವುದು. ನಮ್ಮ ಕಡೆ ‘ಔಷಧಿ ಹೊಡೆಯೋದು’ ಎಂದರೆ ಏನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಎದೆ ಝಲ್ಲೆಂದಿತು. ಬಾಟಲಿಯನ್ನು ಕವರಿಗೆ ಕಟ್ಟಿ ಬೀರುವಿನ ಮೇಲಿಟ್ಟು, ಹುಡುಗನ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆಸಿ, ಸಂಜೆ ಅವರಪ್ಪ ಬಂದಾಗ ಕೈಗೇ ಕೊಟ್ಟು ಕಳಿಸಿದೆ. ಈ ಚಟುವಟಿಕೆ ಮಾಡುವ ಯಾರಿಗಾದರೂ ನಾನು ಹೇಳುವುದಿಷ್ಟೇ: ‘ಕೆಮ್ಮಿನ ಸಿರಪ್ಪಿನ ಬಾಟಲಿ’, ‘ಅಡುಗೆ ಎಣ್ಣೆಯ ಬಾಟಲಿ’ ಎಂದು ಬಿಡಿಸಿ ಹೇಳಿ.

180ರ ಬಾಟಲಿಯನ್ನೂ ಬದಿಗಿಟ್ಟೆ. ಆದರೆ ತಂದ ಹುಡುಗನ ಪ್ರಶ್ನೆ ಬದಿಗಿಡುವಂಥದ್ದಲ್ಲ. “ಇದಕ್ಕೆ ಕ್ವಾಟ್ರು ಅಂತಾರೆ ಮಿಸ್. ಕ್ವಾಟ್ರು ಅಂದ್ರೆ ಕಾಲು. ಕಾಲು ಲೀಟ್ರು ಅಂದ್ರೆ ಇನ್ನೂರೈವತ್ತು ಅಂತ ನೀವು ಹೇಳಿದ್ರಿ.” ಇದು ಲೀಟರಿನ ಕಾಲಲ್ಲ, 750 ಮಿ.ಲೀ. ಬಾಟಲಿಯ ಕಾಲು ಎಂದೆ. ಇನ್ನೊಬ್ಬಳು ಅಲ್ಲೇ ಭಾಗಿಸಿ 187 ಬಂದು 2 ಉಳಿಯುತ್ತದೆ ಎಂದಳು. 180 ಅದರ ಕಾಲೂ ಅಲ್ಲ! ಹೆಸರು ಒಂದು, ಅಳತೆ ಇನ್ನೊಂದು. ವ್ಯಾಪಾರದ ಮಾತನ್ನು ನಂಬಬೇಡಿ, ಬರೆದಿರುವ ಅಂಕಿ ನೋಡಿ ಎಂದು ಹೇಳಿ ಆ ವಿಷಯ ಮುಗಿಸಿದೆ.

ಉಳಿದದ್ದು ಒಳ್ಳೆಯ ಸಾಮಾನೇ: ಲೀಟರಿನ ನೀರಿನ ಬಾಟಲಿ, ಅರ್ಧ ಲೀಟರಿನವು, ಸಿರಪ್ಪಿನ ಜೊತೆ ಬರುವ 10 ಮಿ.ಲೀ. ಮುಚ್ಚಳಗಳು, ಸೂಜಿಯಿಲ್ಲದ ಹೊಸ ಸಿರಿಂಜು ಒಂದು, ಹೋಟೆಲಿನ ಟೀ ಲೋಟ. ಸಿರಿಂಜಿನಿಂದ ಅಳೆದು 100 ಮಿ.ಲೀ.ಗೆ ಟೀ ಲೋಟದ ಮೇಲೆ ಗೆರೆ ಹಾಕಿದೆವು, ಹಾಲಿನ ಲೋಟದ ಮೇಲೆ 150ಕ್ಕೆ.

ನೂರು ಮುಚ್ಚಳ

ಮೊದಲ ದಿನದ ಕೆಲಸ: ಲೀಟರಿನ ಬಾಟಲಿಗೆ ಎಷ್ಟು ಹಾಲಿನ ಲೋಟ ಹಿಡಿಯುತ್ತದೆ? ಸುರಿಯುವ ಮೊದಲೇ ಊಹೆ ಬರೆಯಬೇಕು. ಪುಟ್ಟಿ ಹತ್ತು ಬರೆದಳು. ಆರು ಲೋಟ ತುಂಬಿತು, ಏಳನೆಯದರಲ್ಲಿ ಮುಕ್ಕಾಲಿಗೂ ಹೆಚ್ಚು ಒಳಗೆ ಹೋಯಿತು. ನನ್ನ ಲೆಕ್ಕದಲ್ಲಿ 900 ಆದ ಮೇಲೆ ಉಳಿಯಬೇಕಾದದ್ದು 100. ಎಲ್ಲಿಂದ ಬಂತು ಈ ಹೆಚ್ಚಿನ ಜಾಗ? ಹುಡುಗರೇ ಕಂಡುಹಿಡಿದರು: ಅಂಗಡಿಯ ಬಾಟಲಿಯಲ್ಲಿ ನೀರು ಬಾಯಿಮಟ್ಟ ಇರುವುದಿಲ್ಲ, ಕತ್ತಿನ ಬಳಿ ಖಾಲಿ ಬಿಟ್ಟಿರುತ್ತಾರೆ. ನಾವು ಬಾಯಿಮಟ್ಟ ತುಂಬಿದ್ದೆವು. ಮರುದಿನ ಹೊಸ ಬಾಟಲಿ ತಂದು, ಮುಚ್ಚಳ ತೆಗೆಯುವ ಮೊದಲೇ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿದೆ. ಅಳತೆಯ ಬಾಟಲಿಯೆಂದರೆ ಅಂದಿನಿಂದ ಅದೇ.

ಇಲ್ಲೇ ಪುಟ್ಟಿ ಮೊದಲ ಸಲ ಬಾಯಿಬಿಟ್ಟಳು. ಎಲ್ಲರೂ ಲೋಟದ ಗೆರೆಯನ್ನು ಮೇಲಿನಿಂದ ಬಗ್ಗಿ ನೋಡುತ್ತಿದ್ದರು. “ಹಂಗಲ್ಲ, ಕುಂತ್ಕೊಂಡು ಕಣ್ಣಿನ ನೇರಕ್ಕೆ ನೋಡ್ಬೇಕು. ಹಾಲಾದ್ರೆ ನೊರೆ ಇಳಿಯೋಗಂಟ ಕಾಯ್ಬೇಕು, ನೊರೆ ಲೆಕ್ಕಕ್ಕಿಲ್ಲ.” ಅಳತೆಪಾತ್ರೆ ಓದುವ ಕ್ರಮ ಎಂದು ನಾನು ಬರೆಸಬೇಕೆಂದಿದ್ದ ಎರಡೂ ಅಂಶ ಅವಳ ಒಂದೇ ಮಾತಿನಲ್ಲಿ ಮುಗಿದವು. ಅವತ್ತಿಂದ ಅಳತೆ ನೋಡುವ ಅಧಿಕಾರ ಅವಳದು.

ಮೂರನೇ ದಿನ ಲೀಟರಿನ ಬಾಟಲಿಯನ್ನು ಸಿರಪ್ಪಿನ ಮುಚ್ಚಳದಲ್ಲಿ ತುಂಬಿಸುವುದು. ಗುಂಪಿನಲ್ಲೊಬ್ಬ ಎಣಿಸುವವನು, ಒಬ್ಬ ಸುರಿಯುವವನು, ಒಬ್ಬಳು ಹತ್ತಕ್ಕೊಂದು ಹುಣಸೆಬೀಜ ಇಡುವವಳು. ಹತ್ತು ಬೀಜ ಆಗುವ ಹೊತ್ತಿಗೆ ನೀರು ಗೆರೆ ಮುಟ್ಟಿತು. ಸುಮಾರಾಗಿ ನೂರು ಮುಚ್ಚಳ. ಚೆಲ್ಲಿದ್ದು ಲೆಕ್ಕಕ್ಕಿಲ್ಲ.

ಪುಟ್ಟಿ ಎದ್ದು ನಿಂತಳು. “ನೋಡಿ ಮಿಸ್, ನೂರೇಯ!”

ನನ್ನ ಚಟುವಟಿಕೆಯೇ ಅವಳ ತಪ್ಪಿಗೆ ಸಾಕ್ಷಿ ಹೇಳಿತ್ತು. ಮುಚ್ಚಳವೆಂದರೆ ಹತ್ತು ಮಿಲಿಲೀಟರ್ ಎಂದು ನನಗೆ ಗೊತ್ತು, ಮುಚ್ಚಳದ ಒಳಗೆ ಕೊರೆದಿದೆ ಕೂಡ. ಅವಳ ಕಣ್ಣಿಗೆ ಮುಚ್ಚಳವೇ ಅತಿ ಚಿಕ್ಕದು, ಅಂದಮೇಲೆ ಅದೇ ಮಿಲಿಲೀಟರ್. ಕಲಿಕಾ ಸಾಮಗ್ರಿ ಕೈಗೆ ಕೊಟ್ಟರೆ ಅರಿವು ತಾನಾಗೇ ಬರುತ್ತದೆಂದು ತರಬೇತಿಗಳಲ್ಲಿ ಹೇಳುತ್ತಾರೆ. ಮಗು ತಾನು ಮೊದಲೇ ನಂಬಿದ್ದನ್ನೂ ಅದೇ ಸಾಮಗ್ರಿಯಿಂದ ಗಟ್ಟಿ ಮಾಡಿಕೊಳ್ಳಬಹುದು ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ಅಜ್ಜಿಯ ಪಾವು

ಆ ಸಂಜೆ ಯೋಚಿಸುವಾಗ ಹೊಳೆದದ್ದು ಇದು. ಪುಟ್ಟಿಯ ಅಜ್ಜಿ ಇವತ್ತಿಗೂ ಪಾವಿನಲ್ಲೇ ಮಾತಾಡುತ್ತಾರೆ. ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ಕೈಗೆ ಸಿಗುವ ಸಣ್ಣ ಸಣ್ಣ ಮೆಟ್ಟಿಲು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಮೆಟ್ರಿಕ್ ಅಳತೆ ಬಂದಾಗ ಆ ಮೆಟ್ಟಿಲು ಹೋಯಿತು. ಮೆಟ್ರಿಕ್ಕಿಗೂ ಮೆಟ್ಟಿಲಿದೆ, ಸೆಂಟಿಲೀಟರ್, ಡೆಸಿಲೀಟರ್ ಎಂದು ಪುಸ್ತಕದಲ್ಲಿ ಸಾಲಾಗಿ ಕೂತಿವೆ. ಆದರೆ “ಎರಡು ಡೆಸಿಲೀಟರ್ ಎಣ್ಣೆ ಕೊಡಿ” ಎಂದು ನಮ್ಮೂರ ಅಂಗಡಿಯಲ್ಲಿ ಕೇಳಿದರೆ ಏನಾದೀತು? ಬಳಕೆಯಲ್ಲಿ ಉಳಿದದ್ದು ಎರಡೇ: ಕಣ್ಣಿಗೆ ಬೀಳದಷ್ಟು ಚಿಕ್ಕ ಮಿಲಿಲೀಟರ್, ಅದರ ಸಾವಿರದಷ್ಟಿರುವ ಲೀಟರ್. ನಡುವೆ ಕಾಲಿಡಲು ಏನೂ ಇಲ್ಲ. ಉದ್ದದಲ್ಲಿ ಹೀಗಿಲ್ಲ. ಸೆಂಟಿಮೀಟರ್ ಬೆರಳಿನ ಅಗಲ, ಮೀಟರಿಗೆ ಅಂಥವು ನೂರು. ಮಗು ಎಣಿಸಿ ನೋಡಬಹುದು.

ಅಜ್ಜಿಯ ಹಿತ್ತಾಳೆ ಪಾವನ್ನು ತರಿಸಿ ಅಳೆದೆವು. ನಮ್ಮ ಸಿರಿಂಜಿನ ಲೆಕ್ಕದಲ್ಲಿ 250ಕ್ಕೆ ತುಸು ಕಡಿಮೆ ಬಂತು. ಅಜ್ಜಿಗೆ ಸುದ್ದಿ ಮುಟ್ಟಿದಾಗ, “ನಮ್ ಪಾವ್ನಾಗೇನೂ ಕಮ್ಮಿ ಇಲ್ಲ, ನಿಮ್ ಮಿಸ್ಸಿನ ಸಿರಂಜೇ ಸರಿ ಇಲ್ಲ” ಅಂದರಂತೆ.

ಮಕ್ಕಳಿಗೆ ನಡುವಿನ ಮೆಟ್ಟಿಲೊಂದು ಬೇಕಾಗಿತ್ತು. ನಮ್ಮ ಬಳಿ ಇದ್ದದ್ದು ಟೀ ಲೋಟ.

ಹತ್ತು ಸೆಂಟಿಮೀಟರಿನ ಗಾಜಿನ ಪೆಟ್ಟಿಗೆ

1795ರಲ್ಲಿ ಫ್ರಾನ್ಸಿನ ಕಾನೂನು ಲೀಟರನ್ನು ಗೊತ್ತುಮಾಡಿದ್ದು ಬಾಟಲಿಯಿಂದಲ್ಲ, ಪೆಟ್ಟಿಗೆಯಿಂದ: ಮೀಟರಿನ ಹತ್ತನೇ ಒಂದು ಭಾಗದಷ್ಟು ಉದ್ದ, ಅಗಲ, ಎತ್ತರವಿರುವ ಘನ. ಹತ್ತು ಸೆಂಟಿಮೀಟರಿನ ಪೆಟ್ಟಿಗೆ ಮಾಡಿಬಿಟ್ಟರೆ ಅದೇ ಲೀಟರ್. ಮೊದಲು ರಟ್ಟಿನಲ್ಲಿ ಮಾಡಿ ಒಳಗೆ ಪ್ಲಾಸ್ಟಿಕ್ ಕವರು ಹಾಸಿದೆ. ನೀರು ತುಂಬುತ್ತಿದ್ದಂತೆ ನಾಲ್ಕೂ ಪಕ್ಕ ಬಸುರಿ ಹೊಟ್ಟೆಯಂತೆ ಉಬ್ಬಿಕೊಂಡು, ಲೀಟರ್ ಸುರಿದ ಮೇಲೂ ಇನ್ನೂ ಹಾಕಿ ಎಂದಿತು. ಆಮೇಲೆ ಪೇಟೆಯ ಫೋಟೋ ಫ್ರೇಮಿನ ಅಂಗಡಿಯಲ್ಲಿ ಗಾಜು ಕತ್ತರಿಸಿ, ಅಂಚು ಉಜ್ಜಿಸಿ, ಮೀನಿನ ತೊಟ್ಟಿಗೆ ಹಚ್ಚುವ ಅಂಟಿನಲ್ಲಿ ಜೋಡಿಸಿಕೊಂಡೆ. ಒಳ ಅಳತೆ ಹತ್ತು ಬರಬೇಕು. ಹೊರ ಅಳತೆ ಹಿಡಿದರೆ ಗಾಜಿನ ದಪ್ಪ ಲೆಕ್ಕ ಕೆಡಿಸುತ್ತದೆ.

ಪೆಟ್ಟಿಗೆಯ ತಳದ ಹೊರಗಡೆಗೆ ಸೆಂಟಿಮೀಟರ್ ಚೌಕದ ಕಾಗದ ಅಂಟಿಸಿದೆ. ಒಂದು ಪಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ಒಂದರಿಂದ ಹತ್ತು. ತಳದ ಚೌಕ ಎಣಿಸಿದರು: ಸಾಲಿಗೆ ಹತ್ತು, ಹತ್ತು ಸಾಲು, ನೂರು. ಪುಟ್ಟಿಯ ಮುಖ ಅರಳಿತು, ಮತ್ತೆ ಅವಳ ನೂರು ಬಂದಿತ್ತಲ್ಲ.

ಒಂದು ಟೀ ಲೋಟ ನೀರು ಸುರಿಯಲು ಹೇಳಿದೆ. ನೀರು ತಳದಲ್ಲಿ ಹರಡಿ, ಅಲುಗಾಡಿ, ನಿಂತಿತು. ಪುಟ್ಟಿ ನೆಲದ ಮೇಲೆ ಕೂತು ಕಣ್ಣು ನೇರ ಮಾಡಿದಳು. “ಒಂದರ ಗೆರೆಗೈತೆ.”

ಒಂದು ಸೆಂಟಿಮೀಟರ್ ಎತ್ತರದ ನೀರಿನ ಹಾಸು. ಕೆಳಗೆ ನೂರು ಚೌಕ, ಚೌಕಕ್ಕೊಂದು ಮಿಲಿಲೀಟರ್. ಸಿರಿಂಜಿನಲ್ಲಿ ಒಂದೇ ಒಂದು ಮಿಲಿಲೀಟರ್ ಎಳೆದು ಅವಳ ಅಂಗೈಗೆ ಬಿಟ್ಟೆ. ಇಷ್ಟು ಒಂದು ಚೌಕದ ಮೇಲಿರುವುದು. “ಸಿರಪ್ಪಿನ ಮುಚ್ಚಳ?” ಎಂದೆ. ಅವಳು ಚೌಕದ ಒಂದು ಸಾಲಿನ ಮೇಲೆ ಬೆರಳು ಎಳೆದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಚ್ಳ ಒಂದಲ್ಲ ಮಿಸ್, ಅದು ಹತ್ತು” ಎಂದಳು. ಯಾರೂ ಕೇಳದೆ ಎರಡನೇ ಲೋಟ ಸುರಿದಳು. ಎರಡರ ಗೆರೆ. ಮೂರು, ನಾಲ್ಕು. ಹತ್ತನೆಯದು ಅಂಚಿಗೆ ಬಂದು ನಿಂತಾಗ ಹಿಂದಿನ ಬೆಂಚಿನವರೂ ಎದ್ದು ಬಂದಿದ್ದರು. “ನೂರರ ಮಾಡಿ ಹತ್ತು. ಸಾವ್ರ.” ಅವಳ ನೂರು ಸುಳ್ಳಾಗಿರಲಿಲ್ಲ. ಅದೊಂದು ಅಂತಸ್ತು, ಅಂಥವು ಹತ್ತು ಇದ್ದವು.

ಸೊನ್ನೆ ತೆಗೆಯುವ ಮಾತು ನಾನು ಆಡಲಿಲ್ಲ. 7200 ಮಿ.ಲೀ.ಯಲ್ಲಿ ಎಷ್ಟು ಪೆಟ್ಟಿಗೆ ತುಂಬುತ್ತದೆ ಎಂದು ಕೇಳಿದೆ. “ಏಳು ಪೆಟ್ಗೆ, ಎಲ್ಡು ಟೀ ಲೋಟ.” ಪಕ್ಕದಲ್ಲೇ ಹಳೆಯ ಉತ್ತರ ಬರೆದು, 72 ಲೀಟರನ್ನು 48 ಮಕ್ಕಳಿಗೆ ಹಂಚಿದರೆ ಒಬ್ಬರಿಗೆಷ್ಟು ಎಂದು ಲೆಕ್ಕ ಮಾಡಿಸಿದೆ. ಒಂದೂವರೆ ಲೀಟರ್ ಬಂತು. ತರಗತಿ ನಕ್ಕಿತು, ಈ ಸಲ ಪುಟ್ಟಿಯೂ ನಕ್ಕಳು.

ಲೀಟರಿಗೆ ಚಿಲ್ಲರೆ

ಕಳೆಯುವ ಲೆಕ್ಕಕ್ಕೆ ‘ದಶಕ ತೆಗೆದುಕೊಳ್ಳುವುದು’ ಎಂಬ ಮಾತು ಬಿಟ್ಟೆ. “ಐದು ಲೀಟರಿನಲ್ಲಿ ಒಂದಕ್ಕೆ ಚಿಲ್ಲರೆ ಮಾಡಿಸು” ಎಂದೆ. ನೋಟು ಮುರಿಸಿ ಚಿಲ್ಲರೆ ತರುವುದು ಎಲ್ಲರಿಗೂ ಗೊತ್ತಿರುವ ಕೆಲಸ. 5 ಲೀಟರ್ ಎಂದರೆ 4 ಲೀಟರ್ ಮತ್ತು 1000 ಮಿ.ಲೀ. ಚಿಲ್ಲರೆ. ಅದರಲ್ಲಿ 4 ಲೀಟರ್ 350 ಹೋದರೆ 650. ಇದು ಎರಡೇ ದಿನದಲ್ಲಿ ಕುದುರಿತು, ಹೆಚ್ಚು ಹೇಳುವುದೇನಿಲ್ಲ.

ಕಷ್ಟ ಕೊಟ್ಟದ್ದು ಡೈರಿಯ ಬಿಂದು. 3.6ನ್ನು ವಿವರಿಸುವ ಬದಲು ದುಡ್ಡಿನಲ್ಲಿ ಕೇಳಿದೆ. ಲೀಟರಿಗೆ 40 ರೂಪಾಯಿ ಎಂದಿಟ್ಟುಕೊಂಡು 3.6 ಲೀಟರಿಗೆ 144 ಕೊಟ್ಟರು. ಮೂರು ಲೀಟರಿಗೆ 120 ಆಯಿತು, ಉಳಿದ 24 ಯಾತಕ್ಕೆ? “ಆರು ಎಮ್ಮೆಲ್ಲಿಗೆ.” ಸಿರಿಂಜಿನಲ್ಲಿ ಆರು ಮಿಲಿಲೀಟರ್ ಎಳೆದು ತೋರಿಸಿದೆ. ಅವಳು ಅದನ್ನೇ ನೋಡಿದಳು. “ಇಷ್ಟಕ್ಕೆ ಇಪ್ಪತ್ನಾಕು ರೂಪಾಯ ಯಾರು ಕೊಡ್ತಾರೆ?” ಪೆಟ್ಟಿಗೆಯ ಹತ್ತಿರ ಹೋಗಿ ಆರರ ಗೆರೆಯ ಮೇಲೆ ಬೆರಳಿಟ್ಟಳು. ಬಿಂದುವಿನ ಆಚೆಯ ಆರು ಎಂದರೆ ಆರು ಟೀ ಲೋಟ, 600.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ಬರೆಯಲಾರೆ. ಆಗಸ್ಟ್ ಕೊನೆಯ ಕಿರುಪರೀಕ್ಷೆಯಲ್ಲಿ 7 ಲೀಟರ್ 50 ಮಿ.ಲೀ.ಯನ್ನು ಬಿಂದು ಹಾಕಿ ಬರೆಯಿರಿ ಎಂದು ಕೇಳಿದ್ದೆ. ಪುಟ್ಟಿ 7.50 ಎಂದು ಬರೆದಳು. ಕಳೆಯುವ ಲೆಕ್ಕ ಮೂರೂ ಸರಿ, ಮಿಲಿಲೀಟರಿನಿಂದ ಲೀಟರಿಗೆ ಹೋಗುವುದು ಸರಿ, ಇದೊಂದು ತಪ್ಪು. 50 ಎಂದರೆ ಅರ್ಧ ಟೀ ಲೋಟ, ಅದು ಒಂದರ ಗೆರೆಯನ್ನೂ ಮುಟ್ಟುವುದಿಲ್ಲ, ಹಾಗಾಗಿ ಆ ಜಾಗದಲ್ಲಿ ಸೊನ್ನೆ ಕೂರಬೇಕು ಎಂಬುದು ಪೆಟ್ಟಿಗೆಯ ಮುಂದೆ ಕೂತಾಗ ಅವಳಿಗೆ ತಿಳಿಯುತ್ತದೆ, ಕಾಗದದ ಮೇಲೆ ಕೈ ತಪ್ಪುತ್ತದೆ. ಸ್ಥಾನಬೆಲೆಗೇ ವಾಪಸ್ ಹೋಗಬೇಕು. ದಸರಾ ರಜೆ ಮುಗಿದ ಮೇಲೆ ಅಲ್ಲಿಂದಲೇ ಶುರು.

ಪರೀಕ್ಷೆಯ ಮರುದಿನ ಇಬ್ಬರು ಮಕ್ಕಳು ಬಂದಿರಲಿಲ್ಲ. ಅಕ್ಕ ಬಾಗಿಲಿಗೆ ಬಂದು ಕೇಳಿದರು. “ನಲವತ್ತಾರು” ಎಂದೆ. ಪುಟ್ಟಿ ಹಾಳೆ ತೆಗೆಯಲಿಲ್ಲ, ಬೆರಳು ಮಡಚುತ್ತ ಏನೋ ಗುಣಿಸಿಕೊಂಡು ಕೂತಲ್ಲಿಂದಲೇ ಹೇಳಿದಳು:

“ಏಳು ಲೀಟ್ರಿಗೆ ಒಂದು ಟೀ ಲೋಟ ಕಮ್ಮಿ ಹಾಕಕ್ಕ.”

ಅಕ್ಕ ಏಳು ಲೀಟರೇ ಹಾಕಿದರು.